ಒಂದೇ ಚಿತ್ರಕ್ಕೆ ಎರಡು ಕೈ: ದಂಪತಿಗಳು ಜೊತೆಯಾಗಿ ಫೋಟೊರಿಯಲಿಸ್ಟಿಕ್ ಚಿತ್ರ ಬರೆಯುವ ಸಮಗ್ರ ಮಾರ್ಗದರ್ಶಿ

ಗಂಡ ಹೆಂಡತಿ ಇಬ್ಬರೂ ಚಿತ್ರಕಾರರಾಗಿರುವುದು ಅಪರೂಪವೇನಲ್ಲ. ಆದರೆ ಒಂದೇ ಕ್ಯಾನ್ವಾಸಿನ ಮೇಲೆ ಇಬ್ಬರೂ ಕುಂಚವಾಡಿಸಿ, ನೋಡುವವರಿಗೆ ಒಬ್ಬರದೇ ಕೈ ಎನಿಸುವಂತೆ ಚಿತ್ರ ಮುಗಿಸುವುದು ಬೇರೆಯದೇ ಕೆಲಸ. ಉಳಿದ ಶೈಲಿಗಳಲ್ಲಿ ಎರಡು ಮನೋಧರ್ಮಗಳು ಅಕ್ಕಪಕ್ಕ ಕಾಣಿಸಿಕೊಂಡರೆ ಅದೇ ಚಿತ್ರದ ಗುಣವಾಗಬಹುದು. ಛಾಯಾಚಿತ್ರದಂತೆ ಕಾಣಬೇಕಾದ ಚಿತ್ರದಲ್ಲಾದರೋ ಕುಂಚದ ಗುರುತೇ ಒಂದು ದೋಷವಾಗಿರುವುದರಿಂದ, ಒಂದು ಕೈ ಎಲ್ಲಿ ನಿಂತು ಇನ್ನೊಂದು ಎಲ್ಲಿ ಶುರುವಾಯಿತು ಎಂಬುದು ತಿಳಿದ ಕ್ಷಣದಲ್ಲೇ ಭ್ರಮೆ ಒಡೆಯುತ್ತದೆ. ಇದಕ್ಕೆ ಪ್ರತಿಯಾಗಿ ಒಂದು ಅನುಕೂಲವೂ ಉಂಟು. ಇಬ್ಬರ ನಡುವೆ ಯಾವ ಭಿನ್ನಾಭಿಪ್ರಾಯ ಬಂದರೂ ಎದುರಿಗಿರುವ ಫೋಟೊ ಪಂಚಾಯಿತಿ ಮಾಡುತ್ತದೆ. ಅಭಿರುಚಿಯ ಮೇಲೆ ಜಗಳವಾಡುವ ಸಂದರ್ಭ ಬಹಳ ಕಡಿಮೆ.

ಈ ಮಾರ್ಗದರ್ಶಿಯ ಉದ್ದಕ್ಕೂ ನಾನು ಒತ್ತಿ ಹೇಳಲಿರುವುದು ಒಂದೇ ವಿಷಯ: ಕೆಲಸವನ್ನು ಜಾಗದ ಲೆಕ್ಕದಲ್ಲಿ ಹಂಚಿಕೊಳ್ಳಬೇಡಿ, ಪದರದ ಲೆಕ್ಕದಲ್ಲಿ ಹಂಚಿಕೊಳ್ಳಿ. ಇದು ಹೊಸ ಯೋಚನೆಯೇನಲ್ಲ. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಫೋಟೊರಿಯಲಿಸಂ, ಅಂದರೆ ಫೋಟೊ ಮುಂದಿಟ್ಟುಕೊಂಡು ಅದರಂತೆಯೇ ಬರೆಯುವ ಶೈಲಿ, ರೂಪುಗೊಂಡಾಗಿನಿಂದಲೂ ಅದರ ಕಲಾವಿದರು ಚಿತ್ರವನ್ನು ಬಿಡಿ ಬಿಡಿ ಹಂತಗಳಾಗಿ ಒಡೆದುಕೊಂಡೇ ಕೆಲಸ ಮಾಡಿದ್ದಾರೆ. ಆಡ್ರಿ ಫ್ಲ್ಯಾಕ್ ಸ್ಲೈಡುಗಳನ್ನು ಕ್ಯಾನ್ವಾಸಿನ ಮೇಲೆ ಪ್ರೊಜೆಕ್ಟ್ ಮಾಡಿ ಬರೆದರು. ಚಕ್ ಕ್ಲೋಸ್ ಫೋಟೊದ ಮೇಲೆ ಚೌಕಗಳನ್ನು ಎಳೆದು ದೊಡ್ಡದು ಮಾಡಿದರು. 1970ರ ದಶಕದ ತಮ್ಮ ವರ್ಣ ಮುಖಚಿತ್ರಗಳಲ್ಲಿ, ಅಚ್ಚುಮನೆಯ ಕ್ರಮವನ್ನೇ ಅನುಸರಿಸಿ, ಸಯಾನ್, ಮೆಜೆಂಟಾ, ಹಳದಿ ಎಂಬ ಮೂರೇ ಬಣ್ಣಗಳನ್ನು ಒಂದರ ಮೇಲೊಂದು ತೆಳುವಾಗಿ ಹಾಯಿಸಿ ಮುಖದ ಎಲ್ಲ ಬಣ್ಣಗಳನ್ನೂ ಹೊರಡಿಸಿದರು. ಒಬ್ಬರೇ ಪದರ ಪದರವಾಗಿ ಮಾಡಬಹುದಾದದ್ದನ್ನು ಇಬ್ಬರು ಸರದಿಯ ಮೇಲೆ ಮಾಡಲು ಅಡ್ಡಿಯಿಲ್ಲ.

ಮೊದಲ ಹಂತ: ಕೈಗಳ ಪರೀಕ್ಷೆ

ದೊಡ್ಡ ಚಿತ್ರಕ್ಕೆ ಕೈಹಾಕುವ ಮೊದಲು ಸುಮಾರು 20 ಸೆಂ.ಮೀ. ಚೌಕದ ಎರಡು ಹಲಗೆಗಳನ್ನು ಸಿದ್ಧಪಡಿಸಿಕೊಂಡು, ಒಂದೇ ಫೋಟೊದ ಎರಡು ಪ್ರತಿಗಳನ್ನು ಮುಂದಿಟ್ಟುಕೊಂಡು, ಅವೇ ಟ್ಯೂಬುಗಳ ಬಣ್ಣದಲ್ಲಿ, ಒಬ್ಬರದನ್ನೊಬ್ಬರು ನೋಡದೆ ಬರೆಯಿರಿ. ವಿಷಯ ಸರಳವಾಗಿರಲಿ, ಆದರೆ ಸುಲಭವಾಗಿರದಿರಲಿ: ಗಾಢ ಬಟ್ಟೆಯ ಮೇಲಿಟ್ಟ ಸ್ಟೀಲ್ ಚಮಚ ಇದಕ್ಕೆ ಬಹಳ ಒಳ್ಳೆಯದು. ಚಮಚದ ಬಟ್ಟಲಿನಲ್ಲಿ ಕಡುಗಪ್ಪಿನಿಂದ ಬಿಳಿಯವರೆಗಿನ ಎಲ್ಲ ಮೆಟ್ಟಿಲುಗಳೂ ಒಂದು ಹೆಬ್ಬೆರಳಿನ ಅಗಲದೊಳಗೆ ಇರುತ್ತವೆ. ಹಿಡಿಯ ಅಂಚು ಒಂದು ಕಡೆ ಕತ್ತರಿಸಿದಂತೆ ಚೂಪಾಗಿದ್ದರೆ ಇನ್ನೊಂದು ಕಡೆ ಬಟ್ಟೆಯ ನೆರಳಿನಲ್ಲಿ ಕರಗಿಹೋಗಿರುತ್ತದೆ.

ಮುಗಿದ ಮೇಲೆ ಎರಡನ್ನೂ ಅಕ್ಕಪಕ್ಕ ತಲೆಕೆಳಗಾಗಿ ನಿಲ್ಲಿಸಿ ನೋಡಿ, ಆಮೇಲೆ ಫೋನಿನಲ್ಲಿ ಕಪ್ಪುಬಿಳುಪಾಗಿ ಸೆರೆಹಿಡಿದು ಮೂಲ ಫೋಟೊದ ಕಪ್ಪುಬಿಳುಪು ಪ್ರತಿಯೊಂದಿಗೆ ಹೋಲಿಸಿ. ಒಬ್ಬರ ಗಾಢ ನೆರಳುಗಳು ಇರಬೇಕಾದದ್ದಕ್ಕಿಂತ ತಿಳಿಯಾಗಿರುತ್ತವೆ, ಇನ್ನೊಬ್ಬರ ಅಂಚುಗಳೆಲ್ಲ ಒಂದೇ ಸಮನೆ ಚೂಪಾಗಿರುತ್ತವೆ, ಒಬ್ಬರ ಬೂದುಬಣ್ಣಗಳು ಕಂದಿಗೆ ವಾಲುತ್ತವೆ, ಇನ್ನೊಬ್ಬರದು ನೀಲಿಗೆ. ಇದು ಯಾರು ಹೆಚ್ಚು ಎಂದು ತೀರ್ಮಾನಿಸುವ ಸ್ಪರ್ಧೆಯಲ್ಲ. ಯಾರ ಕೈ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದೆ ಬಣ್ಣಗಳ ಪಾಕವನ್ನೂ ತಿದ್ದುಪಡಿಗಳನ್ನೂ ಬರೆಯುವುದು ಇದೇ ಪುಸ್ತಕದಲ್ಲಿ.

ಎರಡನೆಯ ಹಂತ: ಹೊಣೆಯ ಹಂಚಿಕೆ

ಸಾಮಾನ್ಯವಾಗಿ ಎಲ್ಲರಿಗೂ ಮೊದಲು ಹೊಳೆಯುವುದು, ಮುಖ ನಿನ್ನದು ಹಿನ್ನೆಲೆ ನನ್ನದು ಎಂಬ ಹಂಚಿಕೆ. ನೋಡಲು ಸಲೀಸು, ಆದರೆ ಕೆನ್ನೆ ಮತ್ತು ಹಿನ್ನೆಲೆ ಕೂಡುವ ಗೆರೆಯಲ್ಲಿ ಎರಡು ಬಗೆಯ ಒತ್ತಡ, ಎರಡು ಬಗೆಯ ದಪ್ಪ, ಎರಡು ಬಗೆಯ ಹೊಳಪು ಎದುರುಬದುರಾಗಿ ನಿಲ್ಲುತ್ತವೆ. ವಸ್ತುವಿನ ಗುಣದ ಮೇಲೆ ಹಂಚಿಕೊಳ್ಳುವುದು, ಅಂದರೆ ಲೋಹ ಮತ್ತು ಗಾಜು ಒಬ್ಬರಿಗೆ, ಬಟ್ಟೆ ಮತ್ತು ಕೂದಲು ಇನ್ನೊಬ್ಬರಿಗೆ ಎನ್ನುವುದು ಇದಕ್ಕಿಂತ ವಾಸಿ. ಆದರೂ ಅಂಚುಗಳ ತೊಂದರೆ ಹಾಗೆಯೇ ಉಳಿಯುತ್ತದೆ.

ಪದರದ ಹಂಚಿಕೆಯಲ್ಲಿ ಚಿತ್ರದ ಪ್ರತಿಯೊಂದು ಅಂಗುಲದ ಮೇಲೂ ಇಬ್ಬರ ಕೈಯೂ ಹಾಯುತ್ತದೆ. ಒಬ್ಬರು ರೇಖೆ ಮತ್ತು ನೆರಳುಬೆಳಕಿನ ಅಡಿಪದರ ಮಾಡಿದರೆ ಮತ್ತೊಬ್ಬರು ಅದರ ಮೇಲೆ ಬಣ್ಣದ ಪದರ ಹಾಕುತ್ತಾರೆ. ಮೊದಲಿನವರು ಮರಳಿ ಬಂದು ಎಲ್ಲ ಅಂಚುಗಳನ್ನೂ ಒಂದೇ ಕೈಯಲ್ಲಿ ಇತ್ಯರ್ಥ ಮಾಡುತ್ತಾರೆ. ಕೊನೆಯ ತೆಳುಲೇಪ ಮತ್ತು ಹೊಳಪಿನ ಚುಕ್ಕಿಗಳು ಎರಡನೆಯವರವು. ಇದರ ಜೊತೆಗೆ ಎರಡು ಅಧಿಕಾರಗಳನ್ನೂ ಗೊತ್ತುಮಾಡಿಕೊಳ್ಳಿ: ರೂಪ ಮತ್ತು ಅಂಚಿನ ವಿಷಯದಲ್ಲಿ ಒಬ್ಬರ ಮಾತೇ ಕೊನೆ, ಬಣ್ಣ ಮತ್ತು ಗಾಢತೆಯ ವಿಷಯದಲ್ಲಿ ಇನ್ನೊಬ್ಬರದು. ಚಮಚದ ಪರೀಕ್ಷೆಯಲ್ಲಿ ಯಾರ ಹಲಗೆ ಯಾವುದರಲ್ಲಿ ಫೋಟೊಗೆ ಹತ್ತಿರವಿತ್ತೋ ಅದೇ ಇದಕ್ಕೆ ಆಧಾರವಾಗಲಿ.

ಮೂರನೆಯ ಹಂತ: ಫೋಟೊ

ಸಾಧ್ಯವಿದ್ದಷ್ಟೂ ನಿಮ್ಮದೇ ಫೋಟೊ ಬಳಸಿ. ಬೇರೆಯವರದಾದರೆ ಲಿಖಿತ ಅನುಮತಿ ಪಡೆಯಿರಿ. ಮುಖಚಿತ್ರಕ್ಕೆ ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 85ರಿಂದ 105 ಮಿ.ಮೀ. ಲೆನ್ಸ್ ಸೂಕ್ತ. ಫೋನಿನ ಅಗಲ ಕೋನದ ಲೆನ್ಸನ್ನು ಮುಖದ ಹತ್ತಿರ ಹಿಡಿದರೆ ಮೂಗು ದೊಡ್ಡದಾಗಿ ಕಿವಿಗಳು ಹಿಂದೆ ಸರಿಯುತ್ತವೆ. ಫೋಟೊದಲ್ಲಿ ಕಣ್ಣು ಇದನ್ನು ಸಹಿಸಿಕೊಂಡರೂ ಒಂದು ಮೀಟರ್ ಎತ್ತರದ ಚಿತ್ರದಲ್ಲಿ ಸಹಿಸಿಕೊಳ್ಳುವುದಿಲ್ಲ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100ರಲ್ಲಿ, ಎಲ್ಲವೂ ಸ್ಪಷ್ಟವಾಗಿ ಬೇಕಿದ್ದರೆ ಲೆನ್ಸಿನ ಕಿಂಡಿಯನ್ನು ಎಫ್/8ರಿಂದ ಎಫ್/11ರ ಒಳಗಿಟ್ಟು ತೆಗೆಯಿರಿ. ಒಂದೇ ದೃಶ್ಯವನ್ನು ಸರಿಯಾದ ಎಕ್ಸ್‌ಪೋಷರಿನಲ್ಲಿ ಒಮ್ಮೆ, ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ ಇಲ್ಲವೇ ದುಪ್ಪಟ್ಟಾಗುವುದು) ಕಡಿಮೆಯಲ್ಲಿ ಒಮ್ಮೆ, ಎರಡು ಸ್ಟಾಪ್ ಹೆಚ್ಚಿಗೆಯಲ್ಲಿ ಒಮ್ಮೆ ಸೆರೆಹಿಡಿಯುವುದು ಕಡ್ಡಾಯವೆಂದೇ ತಿಳಿಯಿರಿ. ಬರಿಗಣ್ಣಿಗೆ ನೆರಳಿನೊಳಗೂ ಕಾಣುವ ವಿವರ ಒಂದೇ ಫೋಟೊದಲ್ಲಿ ಬರಿಯ ಕಪ್ಪಾಗಿ ಮುಚ್ಚಿಹೋಗಿರುತ್ತದೆ. ಅಂಥ ಮುಚ್ಚಿದ ಕಪ್ಪನ್ನು ಇಬ್ಬರೂ ತಂತಮ್ಮ ಊಹೆಯಿಂದ ತುಂಬಿಸತೊಡಗಿದರೆ ಅಲ್ಲಿ ಎರಡು ಚಿತ್ರಗಳಾಗುತ್ತವೆ.

ಬೆಳಕು ಒಂದೇ ಮೂಲದಿಂದ ಬರಲಿ. ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಹಳದಿ ಬಲ್ಬು ಇದ್ದರೆ ಒಂದೇ ಚರ್ಮಕ್ಕೆ ಎರಡು ಛಾಯೆ ಬಂದು ಬಣ್ಣ ಬೆರೆಸುವವರಿಗೆ ದುಪ್ಪಟ್ಟು ಕೆಲಸ. ಕೈಗಾರಿಕಾ ಕಟ್ಟಡಗಳ ಫೋಟೊಗಳಿಂದ ಹೆಸರಾದ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ ಮೋಡ ಕವಿದ ಆಕಾಶದ ಸಮಬೆಳಕನ್ನೇ ಆರಿಸಿಕೊಳ್ಳುತ್ತಿದ್ದುದರಿಂದ ಅವರ ಚಿತ್ರಗಳಲ್ಲಿ ರೂಪ ನಿಚ್ಚಳವಾಗಿ ಕಾಣುತ್ತದೆ. ಮೊದಲ ಜಂಟಿ ಚಿತ್ರಕ್ಕೆ ಅಂಥ ಮೆದುಬೆಳಕೇ ಒಳ್ಳೆಯದು, ಕಡುಬಿಸಿಲಿನ ನೆರಳುಗಳನ್ನು ಮುಂದಕ್ಕೆ ಇಟ್ಟುಕೊಳ್ಳಬಹುದು. ಮೊದಲ ಶಾಟಿನಲ್ಲಿ ಒಂದು ಗ್ರೇ ಕಾರ್ಡ್ (ನಡುಬೂದು ಬಣ್ಣದ ಕಾರ್ಡು) ಇಟ್ಟರೆ ಬಣ್ಣದ ಸಮತೋಲ ಸರಿಪಡಿಸಲು ಆಧಾರ ಸಿಗುತ್ತದೆ.

ಚೌಕಟ್ಟಿನೊಳಗೆ ಏನು ಉಳಿಯಬೇಕು, ಏನು ಹೋಗಬೇಕು ಎಂಬುದನ್ನು ಇಬ್ಬರೂ ಒಪ್ಪಿದ ಮೇಲೆ ಒಂದೇ ಯಂತ್ರದಲ್ಲಿ, ಒಂದೇ ಕಾಗದದ ಮೇಲೆ, ಒಂದೇ ಸಲಕ್ಕೆ ಎರಡು ಪ್ರಿಂಟ್ ತೆಗೆಸಿ. ಒಬ್ಬರು ಪ್ರಿಂಟ್ ನೋಡಿ, ಇನ್ನೊಬ್ಬರು ಟ್ಯಾಬ್ಲೆಟ್ ನೋಡಿ ಬರೆಯುವುದು ಬೇಡವೇ ಬೇಡ. ಪರದೆ ತಾನೇ ಬೆಳಕು ಸೂಸುವುದರಿಂದ ಅದರ ಬಿಳಿಯನ್ನು ಯಾವ ಬಣ್ಣದಿಂದಲೂ ಮುಟ್ಟಲಾಗದು. ವಿವರಗಳನ್ನು ಹಿಗ್ಗಿಸಿ ನೋಡಲು ಮಾತ್ರ ಅದನ್ನು ಬಳಸಿ.

ನಾಲ್ಕನೆಯ ಹಂತ: ಹಲಗೆ ಮತ್ತು ರೇಖೆ

ಕ್ಯಾನ್ವಾಸಿನ ನೇಯ್ಗೆ ಸಣ್ಣ ವಿವರಗಳನ್ನು ಒಡೆಯುವುದರಿಂದ ಮೊದಲ ಕೆಲಸಕ್ಕೆ ಪ್ಲೈವುಡ್ ಅಥವಾ ಎಂಡಿಎಫ್ ಹಲಗೆಯೇ ಮೇಲು. ಅಕ್ರಿಲಿಕ್ ಗೆಸ್ಸೋವನ್ನು (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ತಳಲೇಪವನ್ನು) ನಾಲ್ಕೈದು ಸಲ, ಪ್ರತಿಸಲವೂ ಹಿಂದಿನದಕ್ಕೆ ಅಡ್ಡಲಾಗಿ ಬಳಿದು, ಒಣಗಿದ ಮೇಲೆ 220 ನಂಬರಿನ ಸ್ಯಾಂಡ್‌ಪೇಪರಿನಿಂದಲೂ ಕೊನೆಗೆ 400 ನಂಬರಿನದರಿಂದಲೂ ಉಜ್ಜಿ. ಉಜ್ಜುವಾಗ ಮುಖಕ್ಕೆ ಮಾಸ್ಕ್ ಇರಲಿ. ಹಲಗೆ ಬಾಗದಂತೆ ಹಿಂಬದಿಗೂ ಒಂದೆರಡು ಸಲ ಬಳಿಯಿರಿ. ಇಬ್ಬರೂ ಏಕಕಾಲದಲ್ಲಿ ಅಕ್ಕಪಕ್ಕ ನಿಂತು ಕೆಲಸ ಮಾಡುವ ಆಸೆಯಿದ್ದರೆ 120 ಸೆಂ.ಮೀ.ಗಿಂತ ಕಡಿಮೆ ಅಗಲದಲ್ಲಿ ಮೊಣಕೈಗಳು ಡಿಕ್ಕಿ ಹೊಡೆಯುತ್ತವೆ. ಒಬ್ಬರು ಎಡಗೈಯವರಾಗಿದ್ದರೆ ಅದೊಂದು ವರ.

ರೇಖೆಗೆ ಹಳೆಯ ಚೌಕಗಳ ಪದ್ಧತಿಯೇ ಇಬ್ಬರಿಗೆ ಹೇಳಿ ಮಾಡಿಸಿದ್ದು. 20×30 ಸೆಂ.ಮೀ. ಪ್ರಿಂಟಿನ ಮೇಲೆ ಪಾರದರ್ಶಕ ಹಾಳೆ ಹಾಸಿ 2 ಸೆಂ.ಮೀ. ಚೌಕಗಳನ್ನು ಎಳೆದರೆ 150 ಚೌಕಗಳಾಗುತ್ತವೆ, 60×90 ಸೆಂ.ಮೀ. ಹಲಗೆಯ ಮೇಲೆ ಅವೇ 6 ಸೆಂ.ಮೀ. ಚೌಕಗಳು. ಅಡ್ಡಸಾಲಿಗೆ ಅಂಕಿ, ಉದ್ದಸಾಲಿಗೆ ಅಕ್ಷರ ಬರೆದು, ಒಬ್ಬರು ಗೆರೆ ಚೌಕದ ಅಂಚನ್ನು ಎಲ್ಲಿ ದಾಟುತ್ತದೆ ಎಂದು ಹೇಳುತ್ತಾ ಹೋಗಲಿ, ಇನ್ನೊಬ್ಬರು ಎಳೆಯಲಿ. ಎಳೆದವರು ತಮ್ಮ ಗೆರೆಯನ್ನು ತಾವೇ ಪರೀಕ್ಷಿಸಬಾರದು. ಪ್ರೊಜೆಕ್ಟರ್ ಬಳಸುವುದಾದರೆ ಅದರ ಲೆನ್ಸ್ ಹಲಗೆಯ ನಟ್ಟನಡುವಿಗೆ ನೇರವಾಗಿರಬೇಕು; ಬಿಂಬದ ಎರಡು ಕರ್ಣಗಳನ್ನೂ ಅಳೆದು ಸಮವಿದೆಯೇ ನೋಡಿಕೊಳ್ಳಿ. ಗೆರೆ ಖಚಿತವಾದ ಮೇಲೆ ತೆಳುವಾದ ಕಂದು ಅಕ್ರಿಲಿಕ್ಕಿನಿಂದ ಅದನ್ನು ಭದ್ರಪಡಿಸಿ ಪೆನ್ಸಿಲನ್ನು ಅಳಿಸಿಬಿಡಿ. ಇಲ್ಲವಾದರೆ ತಿಳಿಬಣ್ಣಗಳೊಳಗೆ ಪೆನ್ಸಿಲಿನ ಬೂದುಬಣ್ಣ ಬೆರೆಯುತ್ತದೆ.

ಐದನೆಯ ಹಂತ: ಬಣ್ಣ ಬೆರೆಸುವವರು ಒಬ್ಬರೇ

ಜಂಟಿ ಚಿತ್ರದ ಸೋಲುಗೆಲುವು ನಿರ್ಧಾರವಾಗುವುದು ಇಲ್ಲಿ. ಇಬ್ಬರೂ ತಂತಮ್ಮ ಪ್ಯಾಲೆಟ್ಟಿನಲ್ಲಿ ಬೇರೆ ಬೇರೆಯಾಗಿ ಬೆರೆಸಿದ ಚರ್ಮದ ಬಣ್ಣ ಒಂದಾಗುವುದು ಕಷ್ಟ. ಆದ್ದರಿಂದ ಬಣ್ಣದ ಹೊಣೆ ಹೊತ್ತವರು ಒಬ್ಬರೇ ಎಲ್ಲವನ್ನೂ ಬೆರೆಸಲಿ, ಇಬ್ಬರೂ ಅದರಿಂದಲೇ ತೆಗೆದುಕೊಳ್ಳಲಿ. ಟ್ಯೂಬ್ ಕೊಳ್ಳುವಾಗ ಮೇಲಿನ ಹೆಸರಿಗಿಂತ ವರ್ಣದ್ರವ್ಯದ ಸಂಕೇತ ನೋಡಿ: ಅಲ್ಟ್ರಾಮರೀನ್ ನೀಲಿ ಪಿಬಿ 29, ಟೈಟಾನಿಯಂ ಬಿಳಿ ಪಿಡಬ್ಲ್ಯು 6, ಬರ್ನ್ಟ್ ಅಂಬರ್ ಮತ್ತು ಬರ್ನ್ಟ್ ಸಿಯೆನ್ನಾ ಸಾಮಾನ್ಯವಾಗಿ ಪಿಬಿಆರ್ 7. ಮಧ್ಯದಲ್ಲಿ ಟ್ಯೂಬ್ ಮುಗಿದರೆ ಅದೇ ತಯಾರಕರ ಅದೇ ಸಂಕೇತದ್ದನ್ನೇ ತನ್ನಿ. ಇವುಗಳ ಜೊತೆಗೆ ಒಂದು ಹಳದಿ ಓಕರ್, ಒಂದು ಕೆಂಪು, ಒಂದು ಮೆಜೆಂಟಾ, ಒಂದು ಪ್ರಖರ ಹಳದಿ ಇದ್ದರೆ ಬಹುಪಾಲು ವಿಷಯಗಳಿಗೆ ಸಾಕು. ಕಪ್ಪಿನ ಟ್ಯೂಬ್ ಬೇಕಿಲ್ಲ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಅಂಬರ್ ಬೆರೆಸಿದರೆ ಬರುವ ಕಪ್ಪನ್ನು ಬೇಕೆಂದಂತೆ ಬಿಸಿ ಛಾಯೆಗೋ ತಂಪು ಛಾಯೆಗೋ ತಿರುಗಿಸಬಹುದು.

ಪ್ರಿಂಟಿನ ಮೇಲೆ ಹಾಸಿದ ಪಾರದರ್ಶಕ ಹಾಳೆಯ ಮೇಲೆ ಬೆರೆಸಿದ ಬಣ್ಣದ ಒಂದು ಚುಕ್ಕಿ ಇಡಿ. ಚುಕ್ಕಿ ಕಣ್ಣಿಗೆ ಕಾಣದಂತೆ ಕೆಳಗಿನ ಬಣ್ಣದಲ್ಲಿ ಮುಳುಗಿಹೋದರೆ ಬಣ್ಣ ಸರಿಯಾಯಿತು. ಕಂಡರೆ, ಮೊದಲು ಕೇಳಬೇಕಾದ ಪ್ರಶ್ನೆ ಗಾಢವಾಗಿದೆಯೇ ತಿಳಿಯಾಗಿದೆಯೇ ಎಂಬುದು. ಆಮೇಲೆ ಯಾವ ವರ್ಣದ ಕಡೆಗೆ ವಾಲಿದೆ, ಕೊನೆಗೆ ಎಷ್ಟು ಪ್ರಖರವಾಗಿದೆ ಎಂಬುದು. ಈ ಅನುಕ್ರಮ ತಪ್ಪಿಸಿದರೆ ಕೆಂಪು ಹಾಕಿ, ಹಸಿರು ಹಾಕಿ, ಕೊನೆಗೆ ಕೆಸರು ಉಳಿಯುತ್ತದೆ. ಸರಿಯಾದ ಪ್ರತಿ ಮಿಶ್ರಣಕ್ಕೂ ಒಂದು ಸಂಖ್ಯೆ ಕೊಟ್ಟು, ಪಾಕವನ್ನೂ ಬಣ್ಣದ ಒಂದು ಪಟ್ಟಿಯನ್ನೂ ನೋಟ್‌ಬುಕ್ಕಿಗೆ ಏರಿಸಿ, ಉಳಿದದ್ದನ್ನು ಖಾಲಿ ಅಲ್ಯೂಮಿನಿಯಂ ಟ್ಯೂಬಿಗೆ ತುಂಬಿ. ಇಷ್ಟು ಸಿದ್ಧತೆ ಅತಿಯೆನಿಸಬಹುದು. ಮೂರು ವಾರಗಳ ಬಳಿಕ ಹಣೆಯ ಒಂದು ಮೂಲೆಯನ್ನು ತಿದ್ದಬೇಕಾಗಿ ಬಂದಾಗ ಅತಿಯೆನಿಸುವುದಿಲ್ಲ.

ಎಣ್ಣೆಬಣ್ಣವೋ ಅಕ್ರಿಲಿಕ್ಕೋ ಎಂದು ಕೇಳಿದರೆ, ಇಬ್ಬರಿಗೆ ಎಣ್ಣೆಬಣ್ಣವೇ ಎನ್ನುತ್ತೇನೆ. ಅಕ್ರಿಲಿಕ್ ಒಣಗಿದ ಮೇಲೆ ತುಸು ಗಾಢವಾಗುವುದರಿಂದ ನಿನ್ನೆಯ ಬಣ್ಣಕ್ಕೆ ಇಂದಿನದನ್ನು ಹೊಂದಿಸುವುದು ಕಷ್ಟ. ಒಬ್ಬರು ಹಚ್ಚಿದ್ದನ್ನು ಇನ್ನೊಬ್ಬರು ಬೆಸೆಯುವಷ್ಟು ಸಮಯವನ್ನೂ ಅದು ಕೊಡುವುದಿಲ್ಲ. ದೀಪಗಳು 5000 ಕೆಲ್ವಿನ್ (ಹಗಲಿನಂಥ ಬಿಳಿಬೆಳಕು), ಸಿಆರ್‌ಐ (ಬಣ್ಣಗಳನ್ನು ಇದ್ದಂತೆ ತೋರಿಸುವ ಗುಣದ ಅಂಕ) 90ಕ್ಕಿಂತ ಹೆಚ್ಚಿನವಾಗಿರಲಿ, ಮತ್ತು ಪ್ಯಾಲೆಟ್, ಪ್ರಿಂಟ್, ಚಿತ್ರ ಮೂರೂ ಅದೇ ಬೆಳಕಿನಲ್ಲಿರಲಿ.

ಆರನೆಯ ಹಂತ: ಅಡಿಪದರ ಮತ್ತು ಬಣ್ಣದ ಪದರ

ಬರ್ನ್ಟ್ ಅಂಬರಿಗೆ ತುಸು ಅಲ್ಟ್ರಾಮರೀನ್ ಸೇರಿಸಿ, ತೆಳುವಾಗಿಸಿ, ಬರಿಯ ನೆರಳುಬೆಳಕಿನ ಲೆಕ್ಕದಲ್ಲಿ ಇಡೀ ಚಿತ್ರವನ್ನು ಮುಚ್ಚಿ. ಅಂಬರ್ ಬೇಗ ಒಣಗುವ ಬಣ್ಣವಾದ್ದರಿಂದ ಅಡಿಗೆ ಅದೇ ಯೋಗ್ಯ. ಕೆಳಪದರದಲ್ಲಿ ಎಣ್ಣೆ ಕಡಿಮೆ, ಮೇಲಿನವುಗಳಲ್ಲಿ ಕ್ರಮೇಣ ಹೆಚ್ಚು ಎಂಬ ನಿಯಮ ತಪ್ಪಿದರೆ ಮುಂದೆ ಬಣ್ಣ ಬಿರುಕು ಬಿಡುತ್ತದೆ. ಅದಕ್ಕಾಗಿಯೇ ಮೀಡಿಯಮ್ಮನ್ನು (ಬಣ್ಣಕ್ಕೆ ಬೆರೆಸುವ ಎಣ್ಣೆಯ ಮಿಶ್ರಣವನ್ನು) ಪದರಕ್ಕೊಂದು ಬಾಟಲಿಯಂತೆ ಅಳೆದು ಬೆರೆಸಿಟ್ಟು ಇಬ್ಬರೂ ಅದನ್ನೇ ಬಳಸಬೇಕು. ಒಬ್ಬರು ಧಾರಾಳವಾಗಿ, ಇನ್ನೊಬ್ಬರು ಜಿಪುಣತನದಿಂದ ಎಣ್ಣೆ ಹಾಕಿದ ಚಿತ್ರವನ್ನು ಓರೆಯಾಗಿ ಬೆಳಕಿಗೆ ಹಿಡಿದರೆ, ಹೊಳಪು ಮತ್ತು ಮಂಕಿನ ತೇಪೆಗಳಲ್ಲಿ ಎರಡೂ ಕೈಗಳು ಬೇರೆ ಬೇರೆಯಾಗಿ ಕಾಣುತ್ತವೆ.

ಬಣ್ಣದ ಪದರದಲ್ಲಿ ದಂಪತಿಗಳಿಗೆ ಒಂಟಿ ಚಿತ್ರಕಾರರಿಗಿಲ್ಲದ ಒಂದು ಸೌಲಭ್ಯವಿದೆ. ಮಸುಕಾದ ಹಿನ್ನೆಲೆ ಕಡುಬೂದಿಯಿಂದ ತಿಳಿಬೂದಿಗೆ ತಿರುಗುತ್ತದೆ ಎಂದುಕೊಳ್ಳಿ. ಬಣ್ಣದ ಹೊಣೆಯವರು ಮೊದಲೇ ಬೆರೆಸಿಟ್ಟ ಒಂಬತ್ತು ಮೆಟ್ಟಿಲುಗಳನ್ನು ಬೆರಳಗಲದ ಪಟ್ಟಿಗಳಾಗಿ ಒಂದರ ಪಕ್ಕ ಒಂದು ಹಚ್ಚುತ್ತಾ ಹೋಗುತ್ತಾರೆ. ಎರಡು ಪಟ್ಟಿಗಳಷ್ಟು ಹಿಂದೆ ಉಳಿದು ಇನ್ನೊಬ್ಬರು ಒಣಗಿದ ಮೆದು ಕುಂಚದಿಂದ ಪಟ್ಟಿಗಳು ಕೂಡುವ ಗೆರೆಯ ಮೇಲೆ ಅಂಕುಡೊಂಕಾಗಿ ಬಾಚುತ್ತಾರೆ, ಪ್ರತಿ ಎಳೆತಕ್ಕೂ ಕುಂಚವನ್ನು ಬಟ್ಟೆಗೆ ಒರೆಸುತ್ತಾರೆ, ಕುಂಚ ಎಂದಿಗೂ ಗಾಢದಿಂದ ನೇರವಾಗಿ ತಿಳಿಗೆ ಹಾರದಂತೆ ನೋಡಿಕೊಳ್ಳುತ್ತಾರೆ. ಕೊನೆಗೆ ಕುಂಚದ ತುದಿ ಮಾತ್ರ ತಾಗುವಂತೆ ಓರೆಯಾಗಿ ಒಂದು ಸಲ ಹಾಯಿಸಿ ನಿಲ್ಲಿಸಬೇಕು. ಹೀಗೆ ಮಾಡಿದ ಹಿನ್ನೆಲೆಯಲ್ಲಿ ಪಟ್ಟಿಯ ಗೆರೆ ಹುಡುಕಿದರೂ ಸಿಗುವುದಿಲ್ಲ, ಮತ್ತು ಅದು ಯಾರ ಕೈ ಎಂಬ ಪ್ರಶ್ನೆಯೇ ಏಳುವುದಿಲ್ಲ. ಕೆನ್ನೆ, ಹಣೆ, ಗಾಜಿನ ಲೋಟದ ಹೊಟ್ಟೆ ಎಲ್ಲಕ್ಕೂ ಇದೇ ಕ್ರಮ, ಕುಂಚಗಳು ಮಾತ್ರ ಚಿಕ್ಕವು.

ಟೈಟಾನಿಯಂ ಬಿಳಿಯನ್ನು ಬೆರಕೆಯಿಲ್ಲದೆ ಈ ಹಂತದಲ್ಲಿ ಎಲ್ಲಿಯೂ ಹಚ್ಚಬೇಡಿ. ಕಣ್ಣಿನ ಬಿಳಿ, ಹಲ್ಲು, ಬಿಳಿ ಅಂಗಿ, ಇವೆಲ್ಲ ಫೋಟೊದಲ್ಲಿ ಬೂದು ಬಣ್ಣಗಳೇ; ಚುಕ್ಕಿಯ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ.

ಏಳನೆಯ ಹಂತ: ಅಂಚು

ಚಿತ್ರ ಫೋಟೊದಂತೆ ಕಾಣುವುದು ಕೂದಲು ಕೂದಲನ್ನೂ ಬಿಡಿಸುವುದರಿಂದ ಎಂಬ ನಂಬಿಕೆ ಬಲವಾಗಿದೆ. ನನಗೆ ಹಾಗನಿಸುವುದಿಲ್ಲ. ಕ್ಯಾಮೆರಾ ಒಂದು ದೂರಕ್ಕೆ ಮಾತ್ರ ಫೋಕಸ್ ಮಾಡುತ್ತದೆ. ಹತ್ತಿರದ ಕಣ್ಣಿನ ರೆಪ್ಪೆ ಚೂಪಾಗಿದ್ದರೆ ಕಿವಿ ಮಸುಕು, ಕಿವಿಯ ಹಿಂದಿನ ಕೂದಲು ಬರಿಯ ಛಾಯೆ. ಈ ಮಸುಕಿನ ಏರಿಳಿತವನ್ನು ನಿಷ್ಠೆಯಿಂದ ಹಿಡಿದರೆ ವಿವರ ಕಡಿಮೆಯಿದ್ದರೂ ಚಿತ್ರ ನಂಬಿಸುತ್ತದೆ. ಆದ್ದರಿಂದ ಬಣ್ಣದ ಪದರ ಇನ್ನೂ ಹಸಿಯಿರುವಾಗಲೇ ರೂಪದ ಹೊಣೆಯವರು ಒಬ್ಬರೇ ಇಡೀ ಚಿತ್ರದ ಅಂಚುಗಳನ್ನು ಒಂದೇ ಓಟದಲ್ಲಿ ನೋಡಿಕೊಂಡು ಹೋಗಲಿ: ಚೂಪು, ಮೆದು, ಕಾಣದಂತೆ ಕರಗಿದ್ದು ಎಂದು ಮೂರು ಬಗೆ ಸಾಕು. ಚಿತ್ರ ದೊಡ್ಡದಾಗಿದ್ದರೆ ಒಂದು ದಿನಕ್ಕೆ ಎಷ್ಟು ಭಾಗ ಬಣ್ಣ ಹಚ್ಚಲಾಗುತ್ತದೋ ಅಷ್ಟರ ಅಂಚನ್ನು ಅದೇ ದಿನ ಮುಗಿಸಬೇಕು. ಕೈ ನಡುಗದಂತೆ ಆನಿಸಲು ತುದಿಗೆ ಬಟ್ಟೆ ಸುತ್ತಿದ ಒಂದು ಕೋಲು ಹಿಡಿದುಕೊಳ್ಳಿ.

ತಿದ್ದುವಾಗಿನ ನಿಯಮಗಳು

ಇನ್ನೊಬ್ಬರು ಇಲ್ಲದಿರುವಾಗ ಅವರು ಹಚ್ಚಿದ್ದನ್ನು ಮುಟ್ಟಬಾರದು. ತಪ್ಪೆನಿಸಿದ ಜಾಗವನ್ನು ಪ್ರಿಂಟಿನ ಮೇಲಿನ ಪಾರದರ್ಶಕ ಹಾಳೆಯಲ್ಲಿ ಗುರುತು ಮಾಡಿ, ಮಾರನೆಯ ದಿನ ಇಬ್ಬರೂ ಒಟ್ಟಿಗೆ ನೋಡಿ. ಕಣ್ಣು ದಣಿದಾಗ ಕಂಡ ತಪ್ಪುಗಳಲ್ಲಿ ಎಷ್ಟೋ ಬೆಳಗಾಗುವಷ್ಟರಲ್ಲಿ ಇರುವುದೇ ಇಲ್ಲ. ಮಾತಿನಲ್ಲೂ ಅಳತೆ ಇರಲಿ. "ಕೆನ್ನೆ ಕೆಡಿಸಿಬಿಟ್ಟೆ" ಎನ್ನುವುದಕ್ಕೂ "ಕೆನ್ನೆಯ ನೆರಳು ಫೋಟೊಗಿಂತ ಒಂದು ಮೆಟ್ಟಿಲು ತಿಳಿಯಾಗಿದೆ" ಎನ್ನುವುದಕ್ಕೂ ಇರುವ ವ್ಯತ್ಯಾಸ ಬರಿಯ ಸೌಜನ್ಯದ್ದಲ್ಲ: ಎರಡನೆಯ ಮಾತನ್ನು ಪರೀಕ್ಷಿಸಿ ನೋಡಬಹುದು. ಬೂದುಬಣ್ಣದ ದಪ್ಪ ಕಾಗದದಲ್ಲಿ ಸಣ್ಣ ತೂತುಗಳಿರುವ ಎರಡು ಚೂರುಗಳನ್ನು ಮಾಡಿ, ಒಂದನ್ನು ಪ್ರಿಂಟಿನ ಮೇಲೂ ಇನ್ನೊಂದನ್ನು ಚಿತ್ರದ ಮುಂದೆಯೂ ಹಿಡಿದು, ಸುತ್ತಲಿನ ಬಣ್ಣಗಳ ಪ್ರಭಾವವಿಲ್ಲದೆ ಆ ಜಾಗವನ್ನಷ್ಟೇ ಹೋಲಿಸಿ. ಆಮೇಲೂ ಒಪ್ಪಂದವಾಗದಿದ್ದರೆ ಹೊಣೆ ಯಾರದೋ ಅವರ ಮಾತು ನಡೆಯಲಿ. ಊಟದ ಹೊತ್ತಿಗೆ ಚಿತ್ರದ ಸುದ್ದಿ ಎತ್ತದಿರುವುದು ಬುದ್ಧಿವಂತಿಕೆ.

ಸುರಕ್ಷತೆಯ ಮಾತು ಚಿಕ್ಕದಾದರೂ ಅಲಕ್ಷಿಸುವಂಥದ್ದಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಿಟ್ಟರೆ ಒಣಗುವಾಗ ಹುಟ್ಟುವ ಶಾಖದಿಂದ ತಾವಾಗಿಯೇ ಹೊತ್ತಿಕೊಳ್ಳಬಲ್ಲವು. ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕಿ. ಟರ್ಪೆಂಟೈನ್ ಬಳಸುವ ಕೋಣೆಯಲ್ಲಿ ಗಾಳಿಯಾಡುತ್ತಿರಲಿ. ಕ್ಯಾಡ್ಮಿಯಂ ಎಂಬ ವಿಷಲೋಹವಿರುವ ಬಣ್ಣಗಳನ್ನು ಏರ್‌ಬ್ರಷ್‌ನಲ್ಲಿ ಸಿಂಪಡಿಸಬೇಡಿ, ಒಣಗಿದ ಮೇಲೆ ಉಜ್ಜಲೂ ಬೇಡಿ.

ಕೊನೆಯ ಹಂತ: ಹೊಳಪು, ವಾರ್ನಿಷ್, ಸಹಿ

ಕೆಳಗಿನ ಪದರ ಒಣಗಿದ ಮೇಲೆ, ತಂಪು ಹೆಚ್ಚಾದ ಕಡೆ ಸಿಯೆನ್ನಾದ ತೆಳುಲೇಪವನ್ನೂ ಬಿಸಿ ಹೆಚ್ಚಾದ ಕಡೆ ನೀಲಿಯದನ್ನೂ ಹಾಯಿಸಿ ಬಣ್ಣಗಳನ್ನು ಒಂದು ಹದಕ್ಕೆ ತನ್ನಿ. ಎರಡು ಕೈಗಳ ನಡುವೆ ಉಳಿದ ಸಣ್ಣಪುಟ್ಟ ಅಂತರಗಳು ಈ ಲೇಪದ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಕಣ್ಣಿನ ಹೊಳಪು, ಲೋಹದ ಮಿಂಚು, ತುಟಿಯ ತೇವ, ಇವು ತೀರ ಕೊನೆಗೆ. ಅಚ್ಚ ಬಿಳಿ ಬರಬೇಕಾದ್ದು ಇಲ್ಲಿ ಮಾತ್ರ, ಅದೂ ಕೈಬೆರಳೆಣಿಕೆಯಷ್ಟು ಕಡೆ. ಸಾಂಪ್ರದಾಯಿಕ ವಾರ್ನಿಷ್‌ಗೆ ಆರು ತಿಂಗಳಿಂದ ಒಂದು ವರ್ಷ ಕಾಯಬೇಕಾಗುತ್ತದೆ. ಮುಂದೆ ತೆಗೆಯಲು ಬರುವಂಥ ವಾರ್ನಿಷ್‌ನ್ನೇ ಆರಿಸಿ.

ಸಹಿಯ ಪ್ರಶ್ನೆಯನ್ನು ಚಿತ್ರ ಶುರುಮಾಡುವ ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಕ್ರಿಸ್ಟೊ ಮತ್ತು ಜಾನ್ ಕ್ಲೋಡ್ ದಂಪತಿ ದಶಕಗಳ ಕಾಲ ಒಟ್ಟಿಗೆ ದುಡಿದರೂ ಅವರ ಬೃಹತ್ ಹೊರಾಂಗಣ ಕೃತಿಗಳು ಕ್ರಿಸ್ಟೊ ಒಬ್ಬರ ಹೆಸರಿನಲ್ಲೇ ಇದ್ದು, 1994ರಲ್ಲಷ್ಟೇ ಹಳೆಯವೂ ಸೇರಿದಂತೆ ಎಲ್ಲಕ್ಕೂ ಇಬ್ಬರ ಹೆಸರು ಅಧಿಕೃತವಾಗಿ ಬಂತು. ಇಬ್ಬರ ಹೆಸರು ಯಾವ ಕ್ರಮದಲ್ಲಿ, ಒಂದೇ ಸಹಿಯೋ ಎರಡೋ, ಮಾರಿದರೆ ಹಣ ಹೇಗೆ, ಪ್ರತಿ ಮುದ್ರಿಸಲು ಒಬ್ಬರ ಒಪ್ಪಿಗೆ ಸಾಕೋ ಇಬ್ಬರದೂ ಬೇಕೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಹಲಗೆಯ ಹಿಂಬದಿಯಲ್ಲಿ ಇಬ್ಬರ ಹೆಸರು, ವರ್ಷ, ಗೆಸ್ಸೋ, ಬಣ್ಣ, ವಾರ್ನಿಷ್‌ಗಳ ವಿವರ ಬರೆಯಿರಿ. ಬಣ್ಣಗಳ ಪಾಕವಿರುವ ನೋಟ್‌ಬುಕ್ಕಿನ ಸಂಖ್ಯೆಯನ್ನೂ ಅಲ್ಲೇ ನಮೂದಿಸಿದರೆ ಮುಂದೆ ಯಾರಾದರೂ ಚಿತ್ರವನ್ನು ದುರಸ್ತಿ ಮಾಡಬೇಕಾಗಿ ಬಂದಾಗ ಅವರಿಗೆ ಊಹಿಸುವ ಕೆಲಸ ಇರುವುದಿಲ್ಲ.